ಕೇಳದವರ ರೇಟು

ಹೊಸ ಕಾರು ತಗೊಂಡವರನ್ನ ನಮ್ಮ ಕಡೆ ಜನ ಎರಡು ಪ್ರಶ್ನೆ ಕೇಳ್ತಾರೆ. ಮೊದಲನೇದು, ಮೈಲೇಜ್ ಎಷ್ಟು ಬರುತ್ತೆ? ಎರಡನೇದು, ಎಷ್ಟು ಬಿಡಿಸ್ಕೊಂಡ್ರಿ? ಮೊದಲನೇದಕ್ಕೆ ಎಲ್ಲರೂ ಒಂದೆರಡು ಕಿಲೋಮೀಟರ್ ಸೇರಿಸಿಯೇ ಹೇಳ್ತಾರೆ. ಎರಡನೇದಕ್ಕೆ ಗೆದ್ದವನು ಬಾಯ್ತುಂಬಾ ಉತ್ತರ ಕೊಡ್ತಾನೆ, ಸೋತವನು ‘ಏನೋ ಬಿಡ್ರಿ, ಅಷ್ಟೋ ಇಷ್ಟೋ’ ಅಂತ ಮಾತು ಬದಲಾಯಿಸ್ತಾನೆ. ನಾನು ಗೆದ್ದವನು. ಆದರೂ ಈ ಎರಡು ವರ್ಷದಿಂದ ಆ ಪ್ರಶ್ನೆ ಬಂದಾಗಲೆಲ್ಲ ನನಗೆ ಏನೋ ಒಂಥರಾ ಆಗುತ್ತೆ. ಯಾಕೆ ಅನ್ನೋದನ್ನ ಇವತ್ತು ಹೇಳಿಬಿಡ್ತೀನಿ.

2023ರ ಡಿಸೆಂಬರ್ ಕೊನೆಯ ವಾರ. ನಾನಿರೋದು ಹರಿಹರದಲ್ಲಿ, ಕೆಲಸ ದಾವಣಗೆರೆಯಲ್ಲಿ. ಮಧ್ಯೆ ಇರೋದು 14 ಕಿಲೋಮೀಟರ್. ಬೈಕು ನನಗೆ ಸಾಕಿತ್ತು. ಆದರೆ ಅಮ್ಮನಿಗೆ ಮಂಡಿನೋವು, ಮಕ್ಕಳಿಬ್ಬರು ಬೆಳೀತಿದ್ರು, ಊರಿಗೆ ಹೋದರೆ ಬರುವಾಗ ಅಕ್ಕಿ ಚೀಲ, ತೆಂಗಿನಕಾಯಿ ಮೂಟೆ. ಹಾಗಾಗಿ ಡಿಕ್ಕಿ ಇರೋ ಕಾರೇ ಬೇಕು ಅಂತಾಯ್ತು. ನಾಲ್ಕು ಮೀಟರ್ ಒಳಗಿನ ಸಣ್ಣ ಸೆಡಾನ್. ಡಿಸೈರ್, ಅಮೇಜ್, ಆರಾ, ಟಿಗೋರ್, ಇವುಗಳ ಹಿಂಭಾಗ ಯಾರೋ ಕೊನೇ ಗಳಿಗೆಯಲ್ಲಿ ಕತ್ತರಿಸಿದ ಹಾಗೆ ಯಾಕಿದೆ ಅಂತ ನಿಮಗೆ ಅನ್ನಿಸಿದ್ದರೆ, ಅದಕ್ಕೆ ಕಾರಣ ತೆರಿಗೆ. ನಾಲ್ಕು ಮೀಟರ್ ದಾಟಿದರೆ ತೆರಿಗೆ ಜಾಸ್ತಿ. ನಮ್ಮ ದೇಶದಲ್ಲಿ ಕಾರಿನ ಬಾಲವನ್ನೂ ಬಜೆಟ್ಟೇ ತೀರ್ಮಾನ ಮಾಡುತ್ತೆ.

ನಾನು ಲೆಕ್ಕಪತ್ರದ ಮನುಷ್ಯ. ಬಿಲ್ಲು ಕಂಡರೆ ಸಾಲು ಸಾಲಾಗಿ ಓದೋ ಚಟ. ಆ ಚಟವೇ ಕೆಲಸಕ್ಕೆ ಬಂತು. ಪಿ.ಬಿ. ರಸ್ತೆಯ ಶೋರೂಮೊಂದರಲ್ಲಿ ಕೊಟೇಶನ್ ಹಾಕಿಸಿದೆ. ಎಕ್ಸ್ ಶೋರೂಂ ಬೆಲೆ 8,50,000. ಇದರ ಮೇಲೆ ಕರ್ನಾಟಕದ ಆಜೀವ ತೆರಿಗೆ, 5ರಿಂದ 10 ಲಕ್ಷದೊಳಗಿನ ಕಾರಿಗೆ ಶೇ. 14, ಆ ತೆರಿಗೆಯ ಮೇಲೆ ಮತ್ತೆ ಶೇ. 11 ಸೆಸ್. ಎಲ್ಲಾ ಸೇರಿ 1,32,090. ಇದರಲ್ಲಿ ಒಂದು ರೂಪಾಯಿನೂ ಬಿಡಿಸೋಕಾಗಲ್ಲ, ಅದು ಸರ್ಕಾರದ್ದು. ಜಗ್ಗಾಟಕ್ಕೆ ಜಾಗ ಇರೋದು ಅದರ ಕೆಳಗಿನ ಸಾಲುಗಳಲ್ಲಿ.

ಇನ್ಶೂರೆನ್ಸ್ ಅಂತ 43,000 ಬರೆದಿದ್ದರು. ಮೂರು ವರ್ಷದ ಥರ್ಡ್ ಪಾರ್ಟಿ ಕಡ್ಡಾಯ, 2018ರ ಸೆಪ್ಟೆಂಬರಿನಿಂದ ಹೊಸ ಕಾರಿಗೆಲ್ಲ ಅದೇ ನಿಯಮ. ಆದರೆ ಶೋರೂಮಿನಲ್ಲೇ ಮಾಡಿಸಬೇಕು ಅನ್ನೋ ಕಾನೂನು ಎಲ್ಲೂ ಇಲ್ಲ. ಹೊರಗೆ ವಿಚಾರಿಸಿದೆ, ಅದೇ ರಕ್ಷಣೆ 31,500ಕ್ಕೆ ಸಿಗ್ತಿತ್ತು. ಹ್ಯಾಂಡ್ಲಿಂಗ್ ಚಾರ್ಜ್ ಅಂತ 7,500. ಏನನ್ನ ಹ್ಯಾಂಡಲ್ ಮಾಡ್ತೀರಿ ಅಂತ ಕೇಳಿದೆ, ಸೇಲ್ಸ್ ಹುಡುಗ ನಕ್ಕ. ಸೀಟ್ ಕವರ್, ಮ್ಯಾಟು, ಮಡ್ ಫ್ಲಾಪು ಸೇರಿ ಒಂದು ‘ಕಿಟ್’, 14,000. ಆಮೇಲೆ ವರ್ಷಾಂತ್ಯ. ಜನವರಿ 1 ಬಂತು ಅಂದ್ರೆ ಗೋಡೌನಿನಲ್ಲಿ ನಿಂತ ಕಾರು ಒಂದೇ ರಾತ್ರಿಗೆ ‘ಹೋದ ವರ್ಷದ ಗಾಡಿ’ ಆಗುತ್ತೆ. ಅದು ಅವರಿಗೂ ಗೊತ್ತು, ನನಗೂ ಗೊತ್ತು.

ನಾಲ್ಕು ಸಲ ಹೋದೆ. ಎರಡು ಸಲ ಎದ್ದು ಬಂದೆ. ‘ಶಿವಮೊಗ್ಗದಲ್ಲಿ ಇನ್ನೂ ಹತ್ತು ಸಾವಿರ ಕಮ್ಮಿ ಕೊಡ್ತಿದಾರೆ’ ಅಂದೆ. ಶಿವಮೊಗ್ಗದವರು ಅಂಥಾದ್ದೇನೂ ಹೇಳಿರಲಿಲ್ಲ. ‘ಸಾರ್, ಇದು ನಮ್ಮ ಲಾಸ್ಟ್’ ಅಂತ ಹುಡುಗ ಮೂರು ಸಲ ಹೇಳಿದ, ಮೂರು ಸಲವೂ ಅದು ಲಾಸ್ಟ್ ಆಗಿರಲಿಲ್ಲ. ಕೊನೆಗೆ ಮ್ಯಾನೇಜರ್ ಒಳಗಿನಿಂದ ಬಂದರು. ನಗದು ರಿಯಾಯಿತಿ 20,000, ಕಿಟ್ ಉಚಿತ, ಹ್ಯಾಂಡ್ಲಿಂಗ್ ತೆಗೆದರು, ಇನ್ಶೂರೆನ್ಸ್ ಹೊರಗಿನದಕ್ಕೆ ಒಪ್ಪಿದರು. ಕೂಡಿದರೆ 53,000. ಸಹಿ ಹಾಕುವಾಗ ಹುಡುಗ ಹತ್ತಿರ ಬಗ್ಗಿ ಒಂದು ಮಾತು ಹೇಳಿದ: ‘ಸಾರ್, ಈ ರೇಟು ಯಾರಿಗೂ ಹೇಳಬ್ಯಾಡ್ರಿ. ನಿಮಗೆ ಮಾತ್ರ ಮಾಡ್ಕೊಟ್ಟಿರೋದು.’ ಆಯ್ತಪ್ಪ ಅಂದೆ. ‘ನಿಮಗೆ ಮಾತ್ರ’ ಅನ್ನೋ ಮಾತು ಕೇಳೋಕೆ ಎಷ್ಟು ಹಿತ! ಅವತ್ತು ಮನೆಯವರೆಲ್ಲ ಬೆಣ್ಣೆ ದೋಸೆ ತಿಂದು, ಹರಿಹರೇಶ್ವರನ ಗುಡಿ ಮುಂದೆ ನಿಂಬೆಹಣ್ಣು ಹತ್ತಿಸಿ ಮನೆಗೆ ಬಂದ್ವಿ.

ಹತ್ತು ದಿನ ಆಗಿರಬಹುದು. ನಮ್ಮ ಬೀದಿಯಲ್ಲೇ ಇರೋ ಟೀಚರ್ ಒಬ್ಬರು ಮನೆಗೆ ಬಂದರು. ನನಗೆ ಪ್ರಾಥಮಿಕ ಶಾಲೆಯಲ್ಲಿ ಮಗ್ಗಿ ಹೇಳಿಕೊಟ್ಟವರು. ನಿವೃತ್ತಿಯಾಗಿ ಕೆಲವು ವರ್ಷ ಆಗಿತ್ತು, ಯಜಮಾನರು ತೀರಿಕೊಂಡಿದ್ದರು. ಅವರೂ ಕಾರು ತಗೊಂಡಿದ್ದರು. ಅದೇ ಶೋರೂಂ, ಅದೇ ಗಾಡಿ, ಅದೇ ವೇರಿಯಂಟ್, ಅದೇ ವಾರ. ಬಣ್ಣ ಮಾತ್ರ ಬೇರೆ. ನನ್ನದು ಬಿಳಿ, ಅವರದ್ದು ಕಂದು. ಕೈಯಲ್ಲಿ ಬಿಲ್ಲಿನ ಫೈಲು. ‘ನೀನು ಲೆಕ್ಕದವನಲ್ಲೇನಪ್ಪಾ, ಎಲ್ಲಾ ಸರಿ ಇದೆಯಾ ಒಂಚೂರು ನೋಡು’ ಅಂದರು.

ನೋಡಿದೆ. ಇನ್ಶೂರೆನ್ಸ್ 43,000. ಹ್ಯಾಂಡ್ಲಿಂಗ್ 7,500. ಕಿಟ್ 14,000. ರಿಯಾಯಿತಿಯ ಸಾಲು ಖಾಲಿ. ನನಗೆ 53,000 ಬಿಟ್ಟುಕೊಟ್ಟವರು ಅವರಿಗೆ ಒಂದು ರೂಪಾಯಿ ಬಿಟ್ಟಿರಲಿಲ್ಲ. ಟೀಚರ್ ನನ್ನ ಮುಖ ನೋಡ್ತಾ ಕೂತಿದ್ದರು, ಸ್ಲೇಟು ಕೊಟ್ಟು ರೈಟ್ ಮಾರ್ಕಿಗೆ ಕಾಯೋ ಮಗುವಿನ ಹಾಗೆ.

‘ಸರಿ ಇದೆ ಟೀಚರ್’ ಅಂದೆ.

ಯಾಕೆ ಹಾಗಂದೆ? ಆ ಕ್ಷಣಕ್ಕೆ ನನ್ನ ಹತ್ತಿರ ಒಳ್ಳೊಳ್ಳೆ ಕಾರಣಗಳಿದ್ದವು. ದುಡ್ಡು ಕಟ್ಟಿ ಆಗಿದೆ, ಈಗ ಹೇಳಿದರೆ ನೋವಷ್ಟೇ. ಹುಡುಗನಿಗೆ ಮಾತು ಕೊಟ್ಟಿದ್ದೀನಿ. ಹೊಸ ಕಾರಿನ ಖುಷಿ ಯಾಕೆ ಕೆಡಿಸಬೇಕು. ಎಲ್ಲವೂ ನಿಜವಾದ ಕಾರಣಗಳೇ. ಆದರೆ ಅಡಿಯಲ್ಲಿ ಇನ್ನೊಂದಿತ್ತು: ಹೇಳಿದರೆ, ‘ನಿನಗೆ ಗೊತ್ತಿದ್ದೂ ನನಗೆ ಮೊದಲೇ ಹೇಳಲಿಲ್ಲವಲ್ಲ’ ಅಂತ ಕೇಳ್ತಾರೆ. ಅವರು ಕಾರು ನೋಡ್ತಿದ್ದಾರೆ ಅಂತ ನನಗೆ ಗೊತ್ತಿತ್ತು.

ಮೊದಲ ಸರ್ವೀಸಿಗೆ ಹೋದಾಗ ಅದೇ ಹುಡುಗ ಸಿಕ್ಕ. ಕೇಳಿಯೇಬಿಟ್ಟೆ. ಅವನೇನೂ ತಡವರಿಸಲಿಲ್ಲ. ‘ಸಾರ್, ನೀವು ಕೇಳಿದ್ರಿ, ಕೊಟ್ವಿ. ಅವರು ಕೇಳಲೇ ಇಲ್ಲ. ಅಳದೇ ಇದ್ರೆ ಅವ್ವನೂ ಹಾಲು ಕೊಡಲ್ಲ.’ ಅವನು ಕೆಟ್ಟವನಲ್ಲ. ತಿಂಗಳಿಗಿಷ್ಟು ಗಾಡಿ ಅಂತ ಟಾರ್ಗೆಟ್ಟು, ಮುಟ್ಟದಿದ್ದರೆ ಇನ್ಸೆಂಟಿವ್ ಇಲ್ಲ. ನನ್ನ ಹತ್ತಿರ ಬಿಟ್ಟಿದ್ದನ್ನ ಎಲ್ಲಾದರೂ ತುಂಬಿಕೊಳ್ಳಬೇಕು. ಎಲ್ಲಿ ತುಂಬಿಕೊಂಡರು ಅನ್ನೋದು ಟೀಚರ್ ಫೈಲಿನಲ್ಲಿತ್ತು.

ಚೌಕಾಸಿ ಮಾಡೋದೇ ತಪ್ಪಾ? ಹಾಗಂದವರೂ ಇದ್ದಾರೆ. 17ನೇ ಶತಮಾನದ ಇಂಗ್ಲೆಂಡಿನ ಕ್ವೇಕರ್ ಪಂಗಡದವರು ಅಂಗಡಿಯಲ್ಲಿ ಒಂದೇ ಬೆಲೆ ಇಟ್ಟರು. ಕೊಡೋಕೆ ಒಪ್ಪೋ ಬೆಲೆಗಿಂತ ಹೆಚ್ಚು ಹೇಳೋದೇ ಸುಳ್ಳು ಅನ್ನೋದು ಅವರ ವಾದ. ನನಗೆ ಅಷ್ಟು ದೂರ ಹೋಗೋಕೆ ಆಗಲ್ಲ. ನಾನು ಶಿವಮೊಗ್ಗದ ಸುಳ್ಳು ಹೇಳಿದಾಗ ಹುಡುಗ ಅದನ್ನ ನಂಬಲಿಲ್ಲ, ಅವನ ಲಾಸ್ಟ್ ಅನ್ನ ನಾನೂ ನಂಬಲಿಲ್ಲ. ಇಬ್ಬರಿಗೂ ಇದು ಆಟ ಅಂತ ಗೊತ್ತಿತ್ತು. ಇಸ್ಪೀಟಿನಲ್ಲಿ ಕೈಯಲ್ಲಿರೋ ಎಲೆ ಮುಚ್ಚಿಟ್ಟರೆ ಅದಕ್ಕೆ ಮೋಸ ಅನ್ನಲ್ಲ. ಆದರೆ ಎದುರಿಗೆ ಕೂತವರಿಗೆ ಇಸ್ಪೀಟು ನಡೀತಿದೆ ಅನ್ನೋದೇ ಗೊತ್ತಿಲ್ಲದಿದ್ದರೆ? ಟೀಚರ್ ಕಾರು ಕೊಳ್ಳೋಕೆ ಹೋಗಿದ್ದರು. ಆಟ ಆಡೋಕಲ್ಲ. ಅಚ್ಚಾದ ಬೆಲೆ ಅಂದ್ರೆ ಬೆಲೆ ಅಂತ ನಂಬಿದ್ದರು. ಅದಕ್ಕೆ ಅವರು ಕಟ್ಟಿದ ದಂಡ 53,000.

ಜರ್ಮನಿಯ ತತ್ವಜ್ಞಾನಿ ಕಾಂಟ್ 1785ರ ಪುಸ್ತಕವೊಂದರಲ್ಲಿ ಒಬ್ಬ ಅಂಗಡಿಯವನ ಉದಾಹರಣೆ ಕೊಡ್ತಾನೆ. ಆ ಅಂಗಡಿಯಲ್ಲಿ ಎಲ್ಲರಿಗೂ ಒಂದೇ ಬೆಲೆ, ಮಗು ಬಂದರೂ ದೊಡ್ಡವರಷ್ಟೇ ಕೊಟ್ಟು ಹೋಗಬಹುದು. ಕಾಂಟ್‌ಗೆ ಅಷ್ಟೂ ಸಾಲದು. ಅಂಗಡಿಯವನು ಧರ್ಮ ಅಂತ ಹಾಗೆ ಮಾಡ್ತಿದ್ದಾನೋ, ಹೆಸರು ಉಳಿದರೆ ವ್ಯಾಪಾರ ಉಳಿಯುತ್ತೆ ಅಂತ ಮಾಡ್ತಿದ್ದಾನೋ ಅಂತ ತಲೆ ಕೆಡಿಸ್ಕೊಳ್ತಾನೆ. ನನಗೆ ಆ ಅಂಗಡಿಯವನ ಮನಸ್ಸು ಹೇಗಾದರೂ ಇರಲಿ ಅನ್ನಿಸುತ್ತೆ. ಮಗು ನಿಶ್ಚಿಂತೆಯಿಂದ ಹೋಗಿಬರೋ ಅಂಗಡಿ ಮೊದಲು ಇರಲಿ.

‘ಅವರೂ ಕೇಳಬೇಕಿತ್ತು’ ಅಂತ ನೀವನ್ನಬಹುದು. ನಾನೂ ಹಾಗೆ ಅಂದುಕೊಂಡು ಕೆಲವು ದಿನ ಸಮಾಧಾನ ಪಟ್ಟಿದ್ದೆ. ಆಮೇಲೆ ಅಮೆರಿಕದ ಒಂದು ಅಧ್ಯಯನದ ಬಗ್ಗೆ ಓದಿದೆ. ಇಯಾನ್ ಐರ್ಸ್ ಮತ್ತು ಪೀಟರ್ ಸೀಗಲ್‌ಮನ್ 1995ರಲ್ಲಿ ಪ್ರಕಟಿಸಿದ್ದು. ಶಿಕಾಗೋ ಸುತ್ತಮುತ್ತಲಿನ ಕಾರು ಶೋರೂಮುಗಳಿಗೆ ಬೇರೆ ಬೇರೆ ಜನರನ್ನ ಕಳಿಸಿದರು. ಎಲ್ಲರಿಗೂ ಒಂದೇ ತರಬೇತಿ, ಒಂದೇ ಮಾತು, ಒಂದೇ ರೀತಿಯ ಚೌಕಾಸಿ. ಆದರೂ ಬಿಳಿಯ ಗಂಡಸರಿಗೆ ಸಿಕ್ಕ ಬೆಲೆ ಹೆಂಗಸರಿಗೆ, ಕಪ್ಪು ಜನರಿಗೆ ಸಿಗಲಿಲ್ಲ. ಅಂದರೆ ಕೇಳಿದರೆ ಸಾಲದು, ಕೇಳುವವರು ಯಾರು ಅನ್ನೋದನ್ನೂ ಬೆಲೆ ನೋಡುತ್ತೆ. ನಾನು ಎರಡು ಸಲ ಎದ್ದು ಬಂದೆನಲ್ಲ, ಹಿಂದಿನಿಂದ ಕರೆದರು. ಅರವತ್ತು ದಾಟಿದ, ಒಬ್ಬರೇ ಬಂದ ಹೆಂಗಸು ಎದ್ದಿದ್ದರೆ ಕರೀತಿದ್ದರಾ? ನನಗೆ ಖಾತ್ರಿಯಿಲ್ಲ.

ಚಿಕ್ಕವನಿದ್ದಾಗ ಅಪ್ಪನ ಜೊತೆ ದನದ ಜಾತ್ರೆಗೆ ಹೋಗಿದ್ದೆ. ದಲ್ಲಾಳಿ ಟವೆಲ್ ಹೊದಿಸಿ, ಅದರ ಕೆಳಗೆ ಅಪ್ಪನ ಬೆರಳು ಹಿಡೀತಿದ್ದ. ಇಷ್ಟು ಬೆರಳು ಅಂದ್ರೆ ಇಷ್ಟು ಸಾವಿರ. ಬಾಯಲ್ಲಿ ಒಂದೂ ಮಾತಿಲ್ಲ. ಟವೆಲ್ ಯಾಕಪ್ಪ ಅಂತ ಕೇಳಿದೆ. ‘ಪಕ್ಕದವನಿಗೆ ರೇಟು ಗೊತ್ತಾಗಬಾರದು’ ಅಂದ ಅಪ್ಪ. ಒಂದು ಕಾಲಕ್ಕೆ ಕಾಳುಕಡಿ ವ್ಯಾಪಾರವೂ ಹೀಗೆ ಬಟ್ಟೆ ಕೆಳಗೇ ನಡೀತಿತ್ತು, ಅದರಲ್ಲಿ ಸೋಲ್ತಿದ್ದವನು ಯಾವಾಗಲೂ ರೈತನೇ. ಮಾರುಕಟ್ಟೆ ಕಾಯ್ದೆಗಳು ಬಂದಿದ್ದಕ್ಕೆ ಇದೂ ಒಂದು ಕಾರಣ. ನಮ್ಮ ರಾಜ್ಯದ ಎಪಿಎಂಸಿ ಕಾಯ್ದೆ 1966ರದ್ದು. ಎಪಿಎಂಸಿಯಲ್ಲಿ ಅನ್ಯಾಯವೇ ಇಲ್ಲ ಅಂತ ಹೇಳ್ತಿಲ್ಲ. ಆದರೆ ದಾವಣಗೆರೆಯ ಮಾರುಕಟ್ಟೆಗೆ ಮೆಕ್ಕೆಜೋಳ ತರೋ ರೈತನಿಗೆ ಇವತ್ತಿನ ರೇಟು ಎಷ್ಟು ಅಂತ ಹಟ್ಟಿಯಲ್ಲೇ ಗೊತ್ತಿರುತ್ತೆ. ಎಸಿ ಹಾಕಿದ ಶೋರೂಮಿನಲ್ಲಿ ಕೂತ ನನಗೆ ಹುಡುಗ ‘ಯಾರಿಗೂ ಹೇಳಬ್ಯಾಡ್ರಿ’ ಅಂದಾಗ, ನಿಜವಾಗಿ ಅವನು ಹೊದಿಸಿದ್ದು ಅದೇ ಟವೆಲ್. ನಾನು ಖುಷಿಯಿಂದ ಬೆರಳು ಕೊಟ್ಟೆ.

ಇಲ್ಲಿಗೆ ನನಗೊಂದು ವಿಷಯ ಸ್ಪಷ್ಟ ಆಯ್ತು. ನನ್ನ ತಪ್ಪು ಚೌಕಾಸಿ ಮಾಡಿದ್ದರಲ್ಲಿ ಇರಲಿಲ್ಲ, ಮುಚ್ಚಿಟ್ಟಿದ್ದರಲ್ಲಿ ಇತ್ತು. ಕೊಟ್ಟ ಮಾತು ಉಳಿಸ್ಕೋಬೇಕು, ಸರಿ. ಆದರೆ ಮೂರನೆಯವರನ್ನ ಕತ್ತಲಲ್ಲಿಟ್ಟರೆ ಮಾತ್ರ ನಿಲ್ಲೋ ಮಾತಿಗೆ ಎಷ್ಟು ತೂಕ? ಹಾಗಂತ ನಾನು ದೊಡ್ಡ ಮನುಷ್ಯ ಅಂತ ತಿಳ್ಕೋಬೇಡಿ. ‘ಎಲ್ಲರಿಗೂ ಒಂದೇ ರೇಟು ಮಾಡ್ತೀವಿ, ನೀವು 25,000 ಹೆಚ್ಚು ಕೊಡ್ತೀರಾ’ ಅಂತ ಅವತ್ತು ಸಹಿ ಹಾಕೋ ಮುಂಚೆ ಕೇಳಿದ್ದರೆ, ನಾನು ಮೂರನೇ ಸಲ ಎದ್ದು ಹೋಗ್ತಿದ್ದೆ.

ಒಂದು ವರ್ಷ ಆಯ್ತು. ಟೀಚರ್ ಮತ್ತೆ ಫೈಲು ಹಿಡ್ಕೊಂಡು ಬಂದರು. ಮೊದಲ ವರ್ಷದ ಓನ್ ಡ್ಯಾಮೇಜ್ ಇನ್ಶೂರೆನ್ಸ್ ಮುಗೀತಿತ್ತು. ‘ಶೋರೂಮಿನವರು ಇಷ್ಟು ಹೇಳಿದಾರೆ, ಸರಿ ಇದೆಯಾ ನೋಡು.’ ಅದೇ ಕುರ್ಚಿ, ಅದೇ ಪ್ರಶ್ನೆ. ಈ ಸಲ, ‘ಜಾಸ್ತಿ ಇದೆ ಟೀಚರ್, ಹೊರಗೆ ಮಾಡಿಸೋಣ’ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು:

‘ಹೋದ ವರ್ಷಾನೂ ಜಾಸ್ತಿ ಇತ್ತಾ?’

ಹೂಂ ಅಂದೆ. ಎಲ್ಲಾ ಹೇಳಿದೆ. ಸಾಲು ಸಾಲಾಗಿ. 53,000ದವರೆಗೆ.

ಅವರು ಶೋರೂಮಿನವರನ್ನ ಬೈಯಲಿಲ್ಲ. ದುಡ್ಡಿನ ಮಾತೂ ಎತ್ತಲಿಲ್ಲ. ‘ಅವತ್ತು ನೀನು ಸರಿ ಇದೆ ಅಂದೆಯಲ್ಲಪ್ಪಾ’ ಅಂದರು, ಅಷ್ಟೇ. ಕಾಫಿ ಕುಡಿದು ಹೋದರು. ಇನ್ಶೂರೆನ್ಸ್ ನಾನೇ ಹೊರಗೆ ಮಾಡಿಸಿಕೊಟ್ಟೆ. ಈಗಲೂ ಮಾತಾಡ್ತಾರೆ, ಹಬ್ಬಕ್ಕೆ ಹೋಳಿಗೆ ಕಳಿಸ್ತಾರೆ. ಆದರೆ ಆಮೇಲೆ ಯಾವ ಫೈಲೂ ನಮ್ಮ ಮನೆಗೆ ಬಂದಿಲ್ಲ.

2025ರ ಸೆಪ್ಟೆಂಬರ್ 22ರಂದು ಸಣ್ಣ ಕಾರುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳೀತು. ಹೊಸ ಬೆಲೆಪಟ್ಟಿಗಳು ಎಲ್ಲ ಪೇಪರಿನಲ್ಲೂ ಬಂದವು. ಆ ಇಳಿಕೆಗೆ ಯಾರೂ ನಾಲ್ಕು ಸಲ ಹೋಗಬೇಕಾಗಿರಲಿಲ್ಲ, ಎದ್ದು ಬರಬೇಕಾಗಿರಲಿಲ್ಲ. ಕೇಳಿದವರಿಗೂ ಸಿಕ್ತು, ಕೇಳದವರಿಗೂ ಸಿಕ್ತು. ಅವತ್ತು ಹುಡುಗ ಹೇಳಿದ ಗಾದೆ ನೆನಪಾಯ್ತು. ಅಳದೇ ಇದ್ರೆ ಅವ್ವ ಹಾಲು ಕೊಡಲ್ಲ ಅಂದವರು ಯಾರೋ ಗೊತ್ತಿಲ್ಲ. ನಾನು ನೋಡಿರೋ ಅವ್ವಂದಿರು ಮಲಗಿದ ಮಗುವನ್ನೂ ಎಬ್ಬಿಸಿ ಉಣ್ಣಿಸ್ತಾರೆ.

ಈಗ ನಮ್ಮ ಆಫೀಸಿನಲ್ಲಿ, ಬೀದಿಯಲ್ಲಿ ಯಾರಾದರೂ ಕಾರು ನೋಡ್ತಿದ್ದೀನಿ ಅಂದರೆ, ಅವರು ಕೇಳೋವರೆಗೂ ಕಾಯಲ್ಲ. ನನ್ನ ಹಳೇ ಕೊಟೇಶನ್ ಮತ್ತು ಕೊನೆಯ ಬಿಲ್ಲು ಎರಡನ್ನೂ ಫೋಟೋ ತೆಗೆದು ಕಳಿಸಿಬಿಡ್ತೀನಿ. ಯಾವ ಸಾಲಿನಲ್ಲಿ ಎಷ್ಟು ಬಿಟ್ಟರು ಅಂತ ಪೆನ್ನಿನಲ್ಲಿ ಗುರುತು ಹಾಕಿದ್ದೀನಿ. ಇನ್ನು ‘ಎಷ್ಟು ಬಿಡಿಸ್ಕೊಂಡ್ರಿ’ ಅಂತ ಕೇಳೋರಿಗೆ 53,000 ಅಂತ ಹೇಳ್ತೀನಿ. ಆಮೇಲೆ ಟೀಚರ್ ಕಥೆನೂ ಹೇಳ್ತೀನಿ.