ಕೊಳ್ಳುವವನ ಧರ್ಮ

ತುಮಕೂರಿನ ಎಂ.ಜಿ. ರಸ್ತೆಯಲ್ಲಿ ಸಾಯಂಕಾಲದ ದೀಪಗಳು ಹೊತ್ತಿಕೊಂಡ ಬಳಿಕ ಒಂದು ಪಕ್ಕಕ್ಕೆ ಸರಿದು ನಿಂತು ಜನಪ್ರವಾಹವನ್ನು ನೋಡತಕ್ಕವನಿಗೆ ಮೊದಲು ತೋರುವ ಸಂಗತಿಯೆಂದರೆ, ಏನನ್ನಾದರೂ ಕೊಳ್ಳಲೇಬೇಕೆಂದು ಬಂದವರು ಆ ಗುಂಪಿನಲ್ಲಿ ಅಷ್ಟೇನೂ ಬಹಳವಾಗಿಲ್ಲವೆಂಬುದು. ಗುಬ್ಬಿಯ ಕಡೆಯಿಂದಲೂ ಕುಣಿಗಲಿನ ಕಡೆಯಿಂದಲೂ ಬಸ್ಸಿಳಿದು ಬಂದವರಲ್ಲಿ ಮಗಳ ಮದುವೆಯ ಸೀರೆಗಾಗಿ ಹಣವನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡ ತಾಯಿಯುಂಟು. ಕೈಯಲ್ಲಿ ಕಾಸಿಲ್ಲದೆ, ಗಾಜಿನ ಹಿಂದಣ ಪಾದರಕ್ಷೆಗಳನ್ನು ದೇವರ ದರ್ಶನಕ್ಕೆ ನಿಂತವರಂತೆ ನೋಡುವ ತರುಣರೂ ಉಂಟು. ಆದರೆ ಇವರಿಬ್ಬರ ನಡುವೆ, ಬಂದ ಕಾರಣವನ್ನು ತಾವೇ ಅರಿಯದೆ, ಅಂಗಡಿಯಿಂದ ಅಂಗಡಿಗೆ ಸಾಗುತ್ತ, ಮನೆಯಲ್ಲಿ ನೆನಪಿಗೂ ಬಾರದಿದ್ದ ವಸ್ತುವೊಂದನ್ನು ಕಂಡಾಕ್ಷಣವೇ ಅದಿಲ್ಲದೆ ಬದುಕಿದ್ದು ಹೇಗೆಂದು ಬೆರಗಾಗುವ ಸಾಮಾನ್ಯ ಗೃಹಸ್ಥರೇ ಹೆಚ್ಚು. ನನ್ನ ವಿಚಾರಕ್ಕೆ ವಿಷಯನಾದವನು ಈ ಗೃಹಸ್ಥನು. ಏಕೆಂದರೆ ನಮ್ಮ ಧರ್ಮಗ್ರಂಥಗಳು ಮಾರುವವನಿಗೆ ಹೇಳಿದಷ್ಟನ್ನು ಇವನಿಗೆ ಹೇಳಿದಂತೆ ಕಾಣುವುದಿಲ್ಲ.

ಪೇಟೆಯನ್ನು ಕುರಿತು ಅಧ್ಯಾತ್ಮವು ಸಾಮಾನ್ಯವಾಗಿ ಕೊಟ್ಟಿರುವ ಉತ್ತರಗಳು ಎರಡು. ಬಿಟ್ಟುಹೋಗು ಎಂಬುದು ಒಂದು; ಇದ್ದೂ ಇಲ್ಲದಂತಿರು ಎಂಬುದು ಇನ್ನೊಂದು. ಬೆಟ್ಟ, ಗುಹೆ, ನದೀತೀರಗಳು ಮೊದಲನೆಯ ಉತ್ತರಕ್ಕೆ ಸಾಕ್ಷಿಯಾಗಿವೆ. ಎರಡನೆಯದಕ್ಕೆ ಸೊಗಸಾದ ಸಾಕ್ಷ್ಯವು ದೂರದ ಪೂರ್ವದಲ್ಲಿದೆ. ಹನ್ನೆರಡನೆಯ ಶತಮಾನದಲ್ಲಿ, ಎಂದರೆ ಇತ್ತ ಕಲ್ಯಾಣದಲ್ಲಿ ಶರಣರು ಕೂಡುತ್ತಿದ್ದ ಕಾಲಕ್ಕೇ, ಚೀನದ ಕುವೊಆನ್ ಎಂಬ ಧ್ಯಾನಮಾರ್ಗದ ಗುರುವು, ಕಳೆದುಹೋದ ಎತ್ತನ್ನು ಹುಡುಕಿ ಪಳಗಿಸುವ ನೆಪದಲ್ಲಿ ಸಾಧಕನ ಹಾದಿಯನ್ನು ಹತ್ತು ಚಿತ್ರಗಳಾಗಿ ನಿರೂಪಿಸಿದನು. ಈ ಚಿತ್ರಮಾಲೆಯು ಜಪಾನಿನ ಝೆನ್ ಮಠಗಳಲ್ಲಿ ಬಹುಮಾನ್ಯವಾಯಿತು. ಎತ್ತೂ ಮರೆತು, ತಾನೂ ಮರೆತು, ಶೂನ್ಯದ ವೃತ್ತವೊಂದೇ ಉಳಿಯುವುದು ಎಂಟನೆಯ ಚಿತ್ರ. ಕಥೆ ಅಲ್ಲಿಗೆ ಮುಗಿಯಬೇಕೆಂದು ನಾವು ನಿರೀಕ್ಷಿಸುತ್ತಿರುವಾಗ, ಹತ್ತನೆಯದರಲ್ಲಿ ಆ ಸಿದ್ಧಪುರುಷನು ಬರಿಗಾಲಿನಲ್ಲಿ, ಬಿಚ್ಚೆದೆಯಲ್ಲಿ, ಕೊಡುವ ಕೈಗಳೊಡನೆ ಪೇಟೆಯೊಳಕ್ಕೆ ನಡೆದುಬರುತ್ತಾನೆ. ಸಾಧನೆಯ ಶಿಖರವು ಸಂತೆಯ ಬೀದಿ! ಆದರೂ ಗಮನಿಸಬೇಕಾದ ಮಾತೊಂದಿದೆ: ಆತನು ಅಲ್ಲಿಗೆ ಕೊಡುವುದಕ್ಕೆ ಬಂದವನು, ಕೊಳ್ಳುವುದಕ್ಕಲ್ಲ.

ಜಪಾನಿನ ದೊಡ್ಡ ನಗರಗಳ ನಟ್ಟನಡುವಣ ಪೇಟೆಗಳಲ್ಲಿ ದೇವರು ಅಂಗಡಿಗಳಿಂದ ದೂರ ಸರಿದು ನಿಂತಿಲ್ಲ. ಕ್ಯೋಟೋದ ನಿಶಿಕಿ ಪೇಟೆಯ ಓಣಿ ತೆನ್‌ಮಾಂಗೂ ದೇಗುಲದ ಮುಂದೆ ಮುಗಿಯುತ್ತದೆ. ಆ ದೇಗುಲದ ತೋರಣದ್ವಾರದ ಮೇಲಡ್ಡದ ಎರಡು ತುದಿಗಳೂ ಅಕ್ಕಪಕ್ಕದ ಕಟ್ಟಡಗಳ ಗೋಡೆಯೊಳಕ್ಕೆ ಹೊಕ್ಕಿವೆ. ಒಸಾಕಾದ ದೋತೊನ್‌ಬೋರಿಯ ಕೋಲಾಹಲದಿಂದ ಕೆಲವೇ ಹೆಜ್ಜೆಗಳಾಚೆ, ಹೋಜೆಂಜಿ ಗುಡಿಯ ಫುದೋ ಎಂಬ ದೇವತೆಯ ಮೂರ್ತಿಯು ಭಕ್ತರು ಸುರಿದ ನೀರಿನಿಂದ ಮೈಯೆಲ್ಲ ಪಾಚಿಗಟ್ಟಿ ನಿಂತಿದೆ. ಆದರೆ ಸಾಮೀಪ್ಯವೇ ಸಂಬಂಧವಲ್ಲ. ಪೇಟೆಗೂ ಧರ್ಮಕ್ಕೂ ವಿಚಾರಪೂರ್ವಕವಾದ ಸಂಬಂಧವನ್ನು ಅಲ್ಲಿ ಕಲ್ಪಿಸಿದವನು ಇಶಿದಾ ಬೈಗನ್. 1685ರಲ್ಲಿ ಹುಟ್ಟಿ, ಕ್ಯೋಟೋದ ವರ್ತಕರ ಮನೆಗಳಲ್ಲಿ ಆಳಾಗಿ ದುಡಿದು, 1729ರಲ್ಲಿ ತನ್ನ ಮನೆಯಲ್ಲಿಯೇ ಶುಲ್ಕವಿಲ್ಲದೆ, ಯಾರು ಬಂದರೂ ಬರಬಹುದೆಂಬ ನಿಯಮದಿಂದ ಪ್ರವಚನವನ್ನಾರಂಭಿಸಿದ ಈತನು, ವರ್ತಕನನ್ನು ಸಮಾಜದ ಕೆಳಮೆಟ್ಟಿಲಿನಲ್ಲಿ ಕೂರಿಸಿದ್ದ ಕಾಲದಲ್ಲಿ, ನ್ಯಾಯವಾದ ಲಾಭವು ಸಮುರಾಯಿಯ ವೇತನಕ್ಕೆ ಸಮಾನವೆಂದು ಪ್ರತಿಪಾದಿಸಿದನು. ಕಾಯಕದ ಮಾತನ್ನು ಕೇಳಿ ಬೆಳೆದ ನಮಗೆ ಇದು ನೆರೆಮನೆಯವರ ಮಾತೆಂಬಂತೆ ಕೇಳಿಸುವುದು ಸಹಜ. ಸಮಗಾರ, ಮಡಿವಾಳ, ಅಂಬಿಗ, ಗಾಣಿಗರೆಲ್ಲರೂ ತಂತಮ್ಮ ಕಸುಬಿನಲ್ಲಿಯೇ ಶಿವನನ್ನು ಕಾಣಬಹುದೆಂದಮೇಲೆ ಅಂಗಡಿಯ ಗದ್ದುಗೆಗೆ ಮಾತ್ರ ಆ ಅರ್ಹತೆಯಿಲ್ಲವೆನ್ನಲು ಕಾರಣವಿಲ್ಲ.

ಅಂತೂ ಮಾರುವವನ ಧರ್ಮ ಇತ್ಯರ್ಥವಾಯಿತು: ತೂಕ ಸರಿಯಿರಲಿ, ಮಾತು ಸುಳ್ಳಾಗದಿರಲಿ, ಲಾಭ ಮಿತವಾಗಿರಲಿ. ತುಮಕೂರಿನ ಈ ಸೀಮೆಗೂ ವ್ಯಾಪಾರ ಹೊಸದಲ್ಲ. 1800ರಲ್ಲಿ ಮೈಸೂರು ರಾಜ್ಯವನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಗುಬ್ಬಿಯನ್ನೂ ಅದರ ವಾರದ ಸಂತೆಯನ್ನೂ ತನ್ನ ಗ್ರಂಥದಲ್ಲಿ ಗುರುತಿಸಿದ್ದಾನೆ. ಅದೇ ಗುಬ್ಬಿ 1884ರಲ್ಲಿ ಇನ್ನೊಂದು ಬಗೆಯ ಸರಕನ್ನು ಊರೂರಿಗೆ ಕಳುಹಿಸತೊಡಗಿತು. ಚನ್ನಬಸವೇಶ್ವರ ನಾಟಕ ಕಂಪನಿಯು, ಮುಂದೆ ವೀರಣ್ಣನವರ ಕೈಯಲ್ಲಿ, ಜರತಾರಿಯ ರಾಜರನ್ನೂ ಪರದೆಯ ಮೇಲಣ ಅರಮನೆಗಳನ್ನೂ ಟಿಕೆಟಿನ ಬೆಲೆಗೆ ಮಾರಿತು. ಇದು ಮಾಯೆಯ ವ್ಯಾಪಾರವೇ ಆಗಿದ್ದರೂ ಪ್ರಾಮಾಣಿಕವಾದದ್ದು; ಏಕೆಂದರೆ ಆಟ ಮುಗಿದೊಡನೆ ಪರದೆ ಬೀಳುತ್ತಿತ್ತು, ನೋಡಿದವನು ಅರಮನೆಯನ್ನು ಮನೆಗೆ ಹೊತ್ತುಕೊಂಡು ಹೋಗಬೇಕೆಂದು ಹಂಬಲಿಸುತ್ತಿರಲಿಲ್ಲ. ಈಗಣ ಪೇಟೆಯ ರಂಗಸಜ್ಜಿಕೆಗೆ ಬೀಳುವ ಪರದೆಯೇ ಇಲ್ಲ. ಕೈಯಲ್ಲಿ ಹಣವಿಲ್ಲದವನಿಗೂ ತಿಂಗಳ ಕಂತು ಉಂಟು.

ಕೊಳ್ಳುವವನಿಗೆ ಯಾರೂ ಏನನ್ನೂ ಹೇಳಲಿಲ್ಲವೇ? ಹೇಳಿದವಳೊಬ್ಬಳುಂಟು, ಆಕೆಯ ಕಥೆಯನ್ನು ಕಾಪಾಡಿಕೊಟ್ಟವರಲ್ಲಿ ಈ ಜಿಲ್ಲೆಯವರೂ ಸೇರಿದ್ದಾರೆಂಬುದು ನನಗೆ ಹೆಮ್ಮೆಯ ವಿಷಯ. ತುಮಕೂರಿನಿಂದ ಕುಣಿಗಲಿಗೆ ಹೋಗುವ ದಾರಿಯಲ್ಲಿ ಗೂಳೂರು ಸಿಕ್ಕುತ್ತದೆ. ಬಲಿಪಾಡ್ಯಮಿಯಿಂದ ತೊಡಗಿ ಕಾರ್ತಿಕ ಮಾಸದಲ್ಲಿ ಪೂಜೆಗೊಳ್ಳುವ ಮಣ್ಣಿನ ಮಹಾಗಣಪತಿಯಿಂದಾಗಿ ಜನ ಆ ಊರನ್ನು ಬಲ್ಲರು. ಶೂನ್ಯಸಂಪಾದನೆಯನ್ನು ಕಡೆಯದಾಗಿ ಪರಿಷ್ಕರಿಸಿದ ಸಿದ್ಧವೀರಣ್ಣೊಡೆಯನ ಹೆಸರಿನೊಡನೆ ಕೂಡಿಕೊಂಡಿರುವುದೂ ಗೂಳೂರೇ. ಆತನದು ತೋಂಟದ ಸಿದ್ಧಲಿಂಗ ಯತಿಗಳ ಪರಂಪರೆ. ಆ ಯತಿಗಳ ಗದ್ದುಗೆಯಿರುವುದು ಕುಣಿಗಲು ತಾಲ್ಲೂಕಿನ ಎಡೆಯೂರಿನಲ್ಲಿ. ಸಿದ್ಧವೀರಣ್ಣನ ಸಂಕಲನದಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮರ ಪ್ರಸಂಗವು ಒಂದು ಉಪದೇಶವಾಗಿ ನಿಂತಿದೆ. ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತನು ಎಂದಿಗಿಂತ ಅಧಿಕವಾಗಿ ತರುತ್ತಾನೆ. ಗಂಟನ್ನು ಕಂಡ ಲಕ್ಕಮ್ಮ ಇಷ್ಟೇಕೆಂದು ಕೇಳುತ್ತಾಳೆ, ಅಗತ್ಯಕ್ಕೆ ಮೀರಿದ್ದನ್ನು ಎಲ್ಲಿಂದ ತಂದೆಯೋ ಅಲ್ಲಿಗೇ ಸುರಿದು ಬಾರೆಂದು ಗಂಡನನ್ನು ಹಿಂದಕ್ಕೆ ಕಳುಹಿಸುತ್ತಾಳೆ.

ಕಥೆ ನಮ್ಮ ಮಕ್ಕಳಿಗೂ ಗೊತ್ತು. ಗೊತ್ತಿರುವುದರಿಂದಲೇ ಅದರ ತೀಕ್ಷ್ಣತೆ ನಮಗೆ ಮರೆತಿದೆ. ಮಾರಯ್ಯ ಕದ್ದು ತಂದಿರಲಿಲ್ಲ. ಚೆಲ್ಲಿದ ಅಕ್ಕಿಗೆ ಒಡೆಯನಿಲ್ಲ. ಆಯ್ದವನ ಬೆವರಿಗೆ ಕಳಂಕವಿಲ್ಲ. ಮಾರುವವನ ಧರ್ಮವನ್ನಳೆಯುವ ಯಾವ ಗಜಕಡ್ಡಿಯಿಂದಳೆದರೂ ಆತನಲ್ಲಿ ದೋಷ ಸಿಕ್ಕದು. ಹೆಚ್ಚು ಬಂದದ್ದು ಜಂಗಮದಾಸೋಹಕ್ಕೇ ಸಲ್ಲತಕ್ಕದ್ದು, ಸ್ವಂತದ ಭೋಗಕ್ಕಲ್ಲ. ಆದರೂ ಲಕ್ಕಮ್ಮ ಒಪ್ಪಲಿಲ್ಲ. ಆಕೆಯ ಪ್ರಶ್ನೆಯು ಗಳಿಕೆಯ ರೀತಿಯನ್ನು ಕುರಿತದ್ದಲ್ಲ, ವಿನಿಯೋಗದ ಪುಣ್ಯವನ್ನು ಕುರಿತದ್ದೂ ಅಲ್ಲ. ಎಷ್ಟು ಎಂಬುದೊಂದನ್ನೇ ಕುರಿತದ್ದು. ಸನ್ಮಾರ್ಗದಿಂದ ಬಂದು ಸತ್ಕಾರ್ಯಕ್ಕೆ ಸಲ್ಲುವ ಹೆಚ್ಚಳವೂ ಹೆಚ್ಚಳವೇ ಎಂದು ಹೇಳಿದವರು ಜಗತ್ತಿನಲ್ಲಿ ವಿರಳ. ಬೈಗನನು ಮಿತವ್ಯಯವನ್ನು ಬೋಧಿಸಿದ್ದರೂ ಇಷ್ಟು ದೂರ ಹೋಗುತ್ತಿದ್ದನೆಂದು ನನಗೆ ತೋರುವುದಿಲ್ಲ.

ತುಮಕೂರಿನ ಮಂಡಿಪೇಟೆಯ ವರ್ತಕರು ಇಲ್ಲಿ ನನ್ನನ್ನು ತಡೆದು ನಿಲ್ಲಿಸುವುದಕ್ಕೆ ಅಧಿಕಾರವುಳ್ಳವರು. ಅಕ್ಕಿ, ಬೇಳೆ, ಬೆಲ್ಲ, ಹುಣಸೆಹಣ್ಣುಗಳ ಹೆಚ್ಚಳವೇ ಇಲ್ಲದಿದ್ದರೆ ಸಿದ್ಧಗಂಗೆಯ ಮಠದ ಒಲೆ ಉರಿಯುವುದೆಂತು? 1930ರಲ್ಲಿ ಸನ್ಯಾಸ ಸ್ವೀಕರಿಸಿ 2019ರ ಜನವರಿ 21ರಂದು ಲಿಂಗೈಕ್ಯರಾಗುವವರೆಗೆ ಶಿವಕುಮಾರ ಸ್ವಾಮಿಗಳು ಸಾವಿರಾರು ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ಇತ್ತರಲ್ಲ. ಆ ಅನ್ನವು ರೈತನ ಕಣದಲ್ಲಿಯೂ ವರ್ತಕನ ಮಳಿಗೆಯಲ್ಲಿಯೂ ಮಿಕ್ಕಿದ್ದರಿಂದಲೇ ಬಂದುದಲ್ಲವೇ? ಆಕ್ಷೇಪ ಗಟ್ಟಿಯಾದುದು, ಮಾತಿನ ಚಮತ್ಕಾರದಿಂದ ಅದನ್ನು ತೇಲಿಸಿಬಿಡಲು ನಾನು ಇಚ್ಛಿಸುವುದಿಲ್ಲ. ಲಕ್ಕಮ್ಮನ ನಿಯಮವನ್ನು ಇಡೀ ಸಮಾಜಕ್ಕೆ ವಿಧಿಸಿದರೆ ದಾಸೋಹಗಳು ಬಡವಾಗುವುದು ನಿಶ್ಚಯ. ನನಗೆ ತೋರುವ ಸಮಾಧಾನವಿಷ್ಟೆ: ಆಕೆ ಆ ನಿಯಮವನ್ನು ಬಸವಣ್ಣನ ಭಂಡಾರಕ್ಕೆ ವಿಧಿಸಲಿಲ್ಲ, ತನ್ನ ಮಡಕೆಗೆ ವಿಧಿಸಿಕೊಂಡಳು. ಮಂಡಿಯಲ್ಲಿ ಹೆಚ್ಚಳವಿರಬಹುದು, ಮಠದಲ್ಲಿಯೂ ಇರಬಹುದು. ಮನೆಯೊಳಕ್ಕೆ ಬರುವಾಗ ಅದನ್ನು ಹೊಸಲಿನಲ್ಲಿ ನಿಲ್ಲಿಸಿ ವಿಚಾರಿಸುವವರು ಬೇಕು. ಈ ಸಮಾಧಾನದಿಂದ ಮಾರಯ್ಯನ ದಾಸೋಹದ ಪ್ರಶ್ನೆ ಪೂರ್ತಿಯಾಗಿ ತೀರಿತೆಂದು ನಾನು ಹೇಳಲಾರೆ.

ಇನ್ನೊಂದು ಆಕ್ಷೇಪ ಇದಕ್ಕಿಂತಲೂ ಸೂಕ್ಷ್ಮವಾದುದು. ವರ್ಷವಿಡೀ ಸಾಲದಲ್ಲಿಯೇ ಕಳೆದು ಮಗಳ ಮದುವೆಗೆಂದು ಒಂದು ಸೀರೆಯನ್ನು, ತನಗೆ ಸಾಧ್ಯವಾದುದಕ್ಕಿಂತ ಐನೂರು ರೂಪಾಯಿ ಹೆಚ್ಚು ಕೊಟ್ಟು ಕೊಳ್ಳುವ ಆ ತಾಯಿಗೆ ಅಪರಿಗ್ರಹವನ್ನು ಬೋಧಿಸಹೊರಡುವುದು ಹೊಟ್ಟೆ ತುಂಬಿದವರ ದುರಹಂಕಾರ. ಆಕೆಯ ಸಂತೋಷದಲ್ಲಿ ನನಗೆ ಯಾವ ಮೋಹವೂ ಕಾಣುವುದಿಲ್ಲ. ಪೇಟೆಯನ್ನು ಹಳಿಯುವ ನಮ್ಮ ನೀತಿವಾದಿಗಳಲ್ಲಿ ಅನೇಕರು ಬಡವನ ಸಣ್ಣ ಸಡಗರವನ್ನು ಕಂಡು ಹುಬ್ಬು ಗಂಟಿಕ್ಕುತ್ತಾರೆ, ಸಿರಿವಂತನ ನಿತ್ಯದ ಖರೀದಿಯನ್ನು ಜೀವನಮಟ್ಟವೆಂದು ಕರೆಯುತ್ತಾರೆ. ಲಕ್ಕಮ್ಮನಾದರೋ ಬಡವಿಯಾಗಿದ್ದಳು, ಬೇರೆಯವರಿಗೆ ಏನನ್ನೂ ಹೇಳಹೋಗಲಿಲ್ಲ. ಆಕೆಯ ನಿರಾಕರಣೆಗೆ ತೂಕ ಬಂದುದು ಹಾಗೆ. ನಾಳೆ ಬೇಕಾದೀತೆಂಬ ಭಯವಿಲ್ಲದವಳು ಮಾತ್ರ ಇಂದು ಹೆಚ್ಚಾದದ್ದನ್ನು ಹಿಂದಕ್ಕೆ ಸುರಿಸಬಲ್ಲಳು. ಆ ನಿರ್ಭಯತೆಯನ್ನು ಹಣದಿಂದ ಪಡೆಯಬಹುದೆಂಬ ನಂಬಿಕೆಯ ಮೇಲೆಯೇ ಎಂ.ಜಿ. ರಸ್ತೆಯ ಅರ್ಧ ಅಂಗಡಿಗಳು ನಿಂತಿವೆ.

ದೇವಾಲಯಕ್ಕೆ ಹೋದರೆ ಈ ಪ್ರಶ್ನೆ ಹಿಂದುಳಿಯುವುದೆಂದು ಯಾರೂ ಭಾವಿಸಬೇಕಾಗಿಲ್ಲ. ಎಡೆಯೂರಿನ ಗದ್ದುಗೆಯ ಮುಂದೆ ಕೈಮುಗಿದು ನಿಂತವರ ಹರಕೆಗಳನ್ನು ಕೇಳಿಸಿಕೊಂಡರೆ, ಇಂಥದು ಕೊಟ್ಟರೆ ಇಂಥದು ಸಲ್ಲಿಸುವೆನೆಂಬ ಚೌಕಾಸಿ ಮಂಡಿಯದಕ್ಕಿಂತ ಬಿರುಸಾಗಿಯೇ ಇರುತ್ತದೆ. ಕೊಳ್ಳುವ ಮನಸ್ಸು ಬಸ್ಸಿಳಿದ ಮಾತ್ರಕ್ಕೆ ಬದಲಾಗುವುದಿಲ್ಲ.

ಹೆಚ್ಚಳವನ್ನು ಹೊಸಲಿನಲ್ಲಿಯೇ ವಿಚಾರಿಸುವುದಕ್ಕೆ ಹಿಂದಿನ ಮನೆಗಳಲ್ಲಿ ಸಾಮಾನಿನ ಚೀಟಿಯೆಂಬುದೊಂದಿತ್ತು. ಅಡುಗೆಮನೆಯ ಡಬ್ಬಗಳನ್ನು ನೋಡಿ, ಬೇಳೆ ಇಷ್ಟು, ಬೆಲ್ಲ ಇಷ್ಟು, ಸೀಗೆಪುಡಿ ಇಷ್ಟು ಎಂದು ಗೃಹಿಣಿ ಹೇಳುವಳು. ಬರೆಯಬಲ್ಲ ಹುಡುಗನೊಬ್ಬ ಬರೆಯುವನು. ಅಂಗಡಿಯವನು ಅದನ್ನೋದಿ ಪೊಟ್ಟಣ ಕಟ್ಟುವನು. ಬೇಕೆಂಬ ನಿರ್ಣಯ ಮನೆಯಲ್ಲಿಯೇ, ವಸ್ತುವನ್ನು ನೋಡುವುದಕ್ಕೆ ಮೊದಲೇ, ಮುಗಿದಿರುತ್ತಿತ್ತು. ಈಗ ವಸ್ತುವು ಮೊದಲು, ಬೇಕೆಂಬುದು ಆಮೇಲೆ. ಶಾಸ್ತ್ರವನ್ನು ಬಲ್ಲವರು ಇದನ್ನು ಇಂದ್ರಿಯ, ಮನಸ್ಸು, ಬುದ್ಧಿಗಳ ಕ್ರಮವ್ಯತ್ಯಾಸವೆಂದು ವಿವರಿಸಬಹುದು. ಮಂಡಿಪೇಟೆಯ ಹಳೆಯ ಅಂಗಡಿಗಳಲ್ಲಿ ಒಂದೆರಡು ಕಡೆ ಚೀಟಿ ಹಿಡಿದು ಬರುವ ಗಿರಾಕಿಗಳು ಇನ್ನೂ ಇದ್ದಾರೆ. ಅಂಥವರಿಗೆ ಹೊಸ ಬಗೆಯ ಬಿಸ್ಕತ್ತನ್ನೋ ಸೋಪನ್ನೋ ತೋರಿಸಿದರೆ, ಚೀಟಿಯಲ್ಲಿಲ್ಲ ಎಂದಷ್ಟೇ ಹೇಳಿ ಹಣ ಎಣಿಸುತ್ತಾರೆ.