ತೂಕದ ಶುದ್ಧಿ

ಒಂದು ಹುದ್ದೆಗೆ ನೂರು ಮಂದಿ ಬಂದಾಗ ತೊಂಬತ್ತೊಂಬತ್ತು ಮಂದಿಯನ್ನು ನಿರಾಕರಿಸದೆ ಗತಿಯಿಲ್ಲ. ಆದುದರಿಂದ ನಿರಾಕರಣೆಯನ್ನೇ ಅನ್ಯಾಯವೆನ್ನಲಾಗದು. ಅನ್ಯಾಯವಿದ್ದರೆ ಅದು ಬೇರೆಡೆ ಇರಬೇಕು. ಎಲ್ಲಿ ಎಂಬುದು ವಿಚಾರಣೀಯ.

ಚಳ್ಳಕೆರೆ ತಾಲ್ಲೂಕಿನ ವರವು ಕಾವಲ್ ಅಮೃತಮಹಲ್ ದನಗಳ ಹುಲ್ಲುಗಾವಲು. ಸುತ್ತಲಿನ ಹಳ್ಳಿಗಳ ಕುರಿಗಳಿಗೂ ಅದೇ ಆಸರೆಯಾಗಿತ್ತು. ಅದರ ಸಾವಿರಾರು ಎಕರೆ ರಕ್ಷಣಾ ಸಂಶೋಧನಾ ಸಂಸ್ಥೆಗೆ ಸೇರಿ, 2017ರ ಮೇ ತಿಂಗಳಿನಲ್ಲಿ ಅಲ್ಲಿ ವೈಮಾನಿಕ ಪರೀಕ್ಷಾ ವಲಯ ಉದ್ಘಾಟನೆಯಾಯಿತು. ಮೇವಿನ ನೆಲ ಬೇಲಿಯೊಳಗಾದ ಮೇಲೆ ಕುರಿಗಾಹಿಯ ಮಗನಿಗೆ ಓದು ಮತ್ತು ನೌಕರಿಯಲ್ಲದೆ ಅನ್ಯಮಾರ್ಗ ಕಡಿಮೆ. ಅಂಥ ಒಬ್ಬ ತರುಣನನ್ನು ಕಲ್ಪಿಸಿಕೊಳ್ಳೋಣ. ಲಿಖಿತ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಕುರಿ ಮಾರಿದ ಹಣದಲ್ಲಿ ಅಂಗಿ ಬೂಟು ಕೊಂಡು, ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಬರುತ್ತಾನೆ. ಸಂದರ್ಶನ ಮುಂದೆ ಹೋಗಿದೆ. ಮತ್ತೆ ಬರುತ್ತಾನೆ, ಸಂಜೆಯವರೆಗೆ ಕಾದರೆ ಹತ್ತು ನಿಮಿಷದ ಮಾತು, ಅದರಲ್ಲಿ ಅರ್ಧ ಊರಿನ ಹೆಸರು, ತಂದೆಯ ಕಸುಬು. ತಿಂಗಳುಗಳ ನಂತರ ಪಟ್ಟಿಯಲ್ಲಿ ಅವನ ಹೆಸರಿಲ್ಲ. ಏಕೆಂದು ಹೇಳುವವರೂ ಇಲ್ಲ.

ಅಚೌರ್ಯವ್ರತದ ಐದು ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನವೂ ಒಂದು: ಕೊಡುವಾಗ ಕಿರಿದಾದ, ಕೊಳ್ಳುವಾಗ ಹಿರಿದಾದ ಅಳತೆ ಬಳಸುವುದು. ಸೇರು ಬಳ್ಳಗಳ ವರ್ತಕನಿಗೆ ಹೇಳಿದ ಮಾತು ಅಂಕ ಕೊಡುವ ಅಧಿಕಾರಿಗೆ ಅನ್ವಯಿಸದೆಂದು ಯಾರು ಹೇಳಿದರು? ಉತ್ತರಪತ್ರಿಕೆಯನ್ನು ಮತ್ತೊಬ್ಬರು ತೂಗಿ ನೋಡಬಹುದು. ಸಂದರ್ಶನದ ಮಾತು ಕೋಣೆಯಲ್ಲೇ ಕರಗುತ್ತದೆ, ಉಳಿಯುವುದು ಅಂಕವೊಂದೇ. ಈ ಅಪಾಯವನ್ನರಿತೇ ಸರ್ವೋಚ್ಚ ನ್ಯಾಯಾಲಯವು 1985ರಲ್ಲಿ, ಹರಿಯಾಣದ ಪ್ರಕರಣವೊಂದರಲ್ಲಿ, ಸಾಮಾನ್ಯ ಅಭ್ಯರ್ಥಿಗಳ ಸಂದರ್ಶನಾಂಕವು ಒಟ್ಟು ಅಂಕಗಳ ಶೇಕಡಾ 12.2ನ್ನು ಮೀರಬಾರದೆಂದಿತು. ಕೇಂದ್ರ ಸರ್ಕಾರವು 2016ರ ಜನವರಿಯಿಂದ ಕೆಳದರ್ಜೆಯ ಹುದ್ದೆಗಳಿಗೆ ಸಂದರ್ಶನವನ್ನೇ ಕೈಬಿಟ್ಟಿತು. ಮುಖತಃ ಕಾಣದೆ ವ್ಯಕ್ತಿಯ ಗುಣ ತಿಳಿಯದೆಂಬ ವಾದದಲ್ಲಿ ಹುರುಳಿಲ್ಲವೆಂದಲ್ಲ; ಆದರೆ ಹತ್ತು ನಿಮಿಷದಲ್ಲಿ ಕಂಡದ್ದು ಗುಣವೋ ಉಡುಪೋ ಎಂಬ ಶಂಕೆ ಕಂಡವನಲ್ಲಿಯೂ ಇರಬೇಕಷ್ಟೆ.

ತೂಕದ ಮೇಲೆ ನಂಬಿಕೆ ಕೆಟ್ಟರೆ ಏನಾಗುವುದೆಂಬುದಕ್ಕೆ ಕರ್ನಾಟಕ ಲೋಕಸೇವಾ ಆಯೋಗದ 2011ನೇ ಸಾಲಿನ 362 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳೇ ಸಾಕ್ಷಿ. ಅಕ್ರಮದ ದೂರು ಬಂದು, ಸಿ.ಐ.ಡಿ. ತನಿಖೆ ನಡೆದು, 2014ರಲ್ಲಿ ಸರ್ಕಾರ ಪಟ್ಟಿಯನ್ನು ಹಿಂದೆಗೆದುಕೊಂಡಿತು. 2016ರಲ್ಲಿ ಆಡಳಿತ ನ್ಯಾಯಮಂಡಳಿ ಅಭ್ಯರ್ಥಿಗಳ ಪರ ತೀರ್ಪಿತ್ತಿತು. 2018ರಲ್ಲಿ ಉಚ್ಚ ನ್ಯಾಯಾಲಯ ಆಯ್ಕೆಯನ್ನು ರದ್ದುಪಡಿಸಿತು. 2022ರಲ್ಲಿ ಶಾಸನವೊಂದು ಅದನ್ನು ಮತ್ತೆ ಊರ್ಜಿತಗೊಳಿಸಿತು. ಇಷ್ಟು ವರ್ಷ, ಯೋಗ್ಯತೆಯಿಂದ ಗೆದ್ದವನೂ ಕಳಂಕ ಹೊತ್ತನು. ಸೋತವನಿಗೆ ತಾನು ಸೋತೆನೋ, ಸೋಲಿಸಲ್ಪಟ್ಟೆನೋ ತಿಳಿಯದೇ ಹೋಯಿತು. ಅವನ ವಯೋಮಿತಿಯಂತೂ ಯಾವ ತೀರ್ಪಿಗೂ ಕಾಯಲಿಲ್ಲ.

ಹಾಗಾದರೆ ನಿರಾಕರಿಸುವವನು ಕೊಡಬೇಕಾದ ಋಣವೇನು? ಹುದ್ದೆಯಲ್ಲ. ಹೇಳಿದ ದಿನಕ್ಕೆ ಸಂದರ್ಶನ, ತೋರಿಸಲು ಅಳುಕಿಲ್ಲದ ಅಂಕ, ಕೊರತೆ ಎಲ್ಲಿತ್ತೆಂಬ ಎರಡು ಸಾಲಿನ ಉತ್ತರ. ಇದಕ್ಕೆ ಖಜಾನೆಯ ಹಣ ಬೇಕಿಲ್ಲ. ಆದರೂ ಕೊಡುವವರು ವಿರಳ. ಊರಿಗೆ ಮರಳಿದ ಮಗನನ್ನು ತಂದೆ ಕೇಳುವುದೂ ಅದನ್ನೇ: "ಯಾಕಂತಪ್ಪಾ, ಏನಂದ್ರು?"