ಜನಾಭಿಪ್ರಾಯವೂ ನಾಯಕನ ವಿವೇಕವೂ

ಜನರಿಂದ ಆರಿಸಿಬಂದವನು ಜನರು ಹೇಳಿದಂತೆ ನಡೆಯಬೇಕೇ, ತನಗೆ ಸರಿಯೆಂದು ಕಂಡುದನ್ನು ಮಾಡಬೇಕೇ? ಮತ ಕೇಳುವಾಗ ‘ನೀವು ಹೇಳಿದಂತೆ’ ಎಂದವನೇ ಗೆದ್ದ ಮೇಲೆ ‘ನನಗೆ ಗೊತ್ತಿದೆ’ ಎನ್ನುವುದನ್ನು ನಾವೆಲ್ಲ ನೋಡಿದ್ದೇವೆ. ಆದರೆ ಪ್ರಾಮಾಣಿಕನಾದ ನಾಯಕನಿಗೂ ಈ ಪ್ರಶ್ನೆ ತಪ್ಪಿದ್ದಲ್ಲ. ಪ್ರವಾದಿ ಮುಹಮ್ಮದ್(ಸ)ರ ಜೀವನದಲ್ಲಿ ಎರಡು ಬಗೆಯ ನಿದರ್ಶನಗಳೂ ಇವೆ.

ಹಿಜರಿ 3ರಲ್ಲಿ, ಅಂದರೆ ಕ್ರಿ.ಶ. 625ರಲ್ಲಿ, ಕುರೈಶರ ಸೈನ್ಯವು ಮದೀನಾದ ಬಳಿ ಬೀಡುಬಿಟ್ಟಿತು. ಪಟ್ಟಣದೊಳಗಿದ್ದೇ ಎದುರಿಸಬೇಕೆಂಬುದು ಪ್ರವಾದಿ(ಸ)ರ ಒಲವಾಗಿತ್ತು. ಬದ್ರ್‌ನಲ್ಲಿ ಪಾಲ್ಗೊಳ್ಳಲಾಗದಿದ್ದ ತರುಣರು ಹೊರಗೆ ಹೋಗಿ ಹೋರಾಡೋಣವೆಂದು ಪಟ್ಟುಹಿಡಿದರು. ಪ್ರವಾದಿ(ಸ) ಒಪ್ಪಿ, ಕವಚ ಧರಿಸಿ ಹೊರಬಂದರು. ಅಷ್ಟರಲ್ಲಿ ತರುಣರು ಪಶ್ಚಾತ್ತಾಪಪಟ್ಟು, ತಮ್ಮ ಇಷ್ಟದಂತೆಯೇ ಆಗಲಿ ಎಂದು ಬೇಡಿಕೊಂಡರು. ತೊಟ್ಟ ಕವಚವನ್ನು ಯುದ್ಧಕ್ಕೆ ಮೊದಲೇ ಕಳಚುವುದು ಪ್ರವಾದಿಗೆ ತರವಲ್ಲವೆಂದು ಅವರು ಹೊರಟೇಬಿಟ್ಟರು. ಉಹುದ್‌ನಲ್ಲಿ ಸುಮಾರು 70 ಮಂದಿ ಹುತಾತ್ಮರಾದರು. ಸ್ವತಃ ಪ್ರವಾದಿ(ಸ) ಗಾಯಗೊಂಡರು.

ಜನರ ಮಾತು ಕೇಳಿ ಕೆಟ್ಟೆವು ಎನ್ನಲು ಇದಕ್ಕಿಂತ ದೊಡ್ಡ ನೆಪ ಬೇಕೇ? ಆದರೆ ಅದೇ ಸಂದರ್ಭದ ಕುರಿತಾದ ಸೂರಃ ಆಲಿ ಇಮ್ರಾನ್‌ನ 159ನೇ ವಚನವು ಅವರನ್ನು ಕ್ಷಮಿಸಬೇಕೆಂದೂ ಕಾರ್ಯಗಳಲ್ಲಿ ಅವರೊಡನೆ ಸಮಾಲೋಚಿಸಬೇಕೆಂದೂ ಆದೇಶಿಸಿತು. ಅಷ್ಟಕ್ಕೂ ಅಂದು ಯುದ್ಧ ತಿರುಗಿದ್ದು ಗುಡ್ಡದ ಮೇಲಿನ ಬಿಲ್ಲುಗಾರರಲ್ಲಿ ಹೆಚ್ಚಿನವರು ಆಜ್ಞೆ ಮೀರಿ ಸ್ಥಳ ಬಿಟ್ಟದ್ದರಿಂದ.

ಮೂರು ವರ್ಷಗಳ ಬಳಿಕ ಹುದೈಬಿಯಾ. ಉಮ್ರಾಕ್ಕೆಂದು ಹೊರಟಿದ್ದ ಸುಮಾರು 1400 ಸಹಾಬಿಗಳಿಗೆ ಆ ಒಪ್ಪಂದದ ಶರತ್ತುಗಳು ನುಂಗಲಾರದ ತುತ್ತಾಗಿದ್ದವು. ಹ. ಉಮರ್(ರ)ರು ನೇರವಾಗಿಯೇ ಪ್ರಶ್ನಿಸಿದರು. ಪ್ರವಾದಿ(ಸ) ನಿಲುವು ಬದಲಿಸಲಿಲ್ಲ. ಪ್ರಶ್ನಿಸಿದವರನ್ನು ದಂಡಿಸಲೂ ಇಲ್ಲ. ಬಲಿಯರ್ಪಿಸಿರಿ ಎಂದರೂ ಯಾರೂ ಏಳದಿದ್ದಾಗ ಪತ್ನಿ ಉಮ್ಮು ಸಲಮಾ(ರ)ರ ಸಲಹೆಯಂತೆ ತಾವೇ ಮೊದಲು ಬಲಿಯರ್ಪಿಸಿದರು. ಎಲ್ಲರ ಅಭಿಪ್ರಾಯವನ್ನು ಮೀರಿ ನಿಂತ ಗಳಿಗೆಯಲ್ಲೂ ಅವರು ಸಲಹೆ ಕೇಳುವುದನ್ನು ಬಿಟ್ಟಿರಲಿಲ್ಲ.

ಇದನ್ನೇ ಹಿಡಿದು, ನಾಯಕನು ತನಗೆ ತೋಚಿದಂತೆ ಮಾಡಬಹುದು ಎನ್ನುವವರಿದ್ದಾರೆ. ಹುದೈಬಿಯಾದಲ್ಲಿ ಅಲ್ಲಾಹನ ಮಾರ್ಗದರ್ಶನವಿತ್ತು. ನಮ್ಮ ಶಾಸಕರಿಗೆ ವಹೀ ಬರುವುದಿಲ್ಲ! ವಹೀ ಇಲ್ಲದ ನಾಯಕನ ಮಾದರಿಗೆ ಹ. ಅಬೂಬಕರ್(ರ)ರನ್ನು ನೋಡಬೇಕು. ಝಕಾತ್ ನಿರಾಕರಿಸಿದವರ ವಿರುದ್ಧ ಯುದ್ಧವನ್ನು ಹ. ಉಮರ್(ರ)ರು ಆಕ್ಷೇಪಿಸಿದಾಗ ಅವರು ಖಲೀಫರ ಪದವಿಯನ್ನು ಮುಂದೊಡ್ಡಲಿಲ್ಲ. ಝಕಾತ್ ಸಂಪತ್ತಿನ ಮೇಲಿನ ಹಕ್ಕು, ಅದನ್ನು ನಮಾಝ್‌ನಿಂದ ಬೇರ್ಪಡಿಸಲಾಗದು ಎಂಬ ಕಾರಣ ಕೊಟ್ಟರು. ಉಮರ್(ರ)ರಿಗೆ ಅದು ಮನವರಿಕೆಯಾಯಿತು.

ಹಕ್ಕು ಎಂಬ ಮಾತಿನಲ್ಲೇ ಎಲ್ಲೆ ಇದೆ. ಊರಿಗೆ ಶಾಲೆ ಮೊದಲೋ ರಸ್ತೆ ಮೊದಲೋ ಎಂಬುದನ್ನು ಜನರೇ ಹೇಳಲಿ. ಅದರ ಲಾಭನಷ್ಟ ಅವರದೇ. ಇನ್ನೊಬ್ಬರ ಹಕ್ಕಿಗೆ ಕೈಹಾಕುವಾಗ ಮಾತ್ರ ಕೈಯೆತ್ತಿದವರ ಲೆಕ್ಕ ನಡೆಯದು. ಇಡೀ ಜಮಾಅತ್ ಒಟ್ಟಾಗಿ ತೀರ್ಮಾನಿಸಿದರೂ ಮಗಳ ವಾರೀಸು ಪಾಲು ಅಣ್ಣತಮ್ಮಂದಿರದಾಗುವುದಿಲ್ಲ. ನಮ್ಮ ಸಮಿತಿಗಳು ಇದನ್ನು ಪಾಲಿಸದೆ, ಬಹುಸಂಖ್ಯಾತರ ಆವೇಶಕ್ಕೆ ಮಣಿಯಬೇಡಿರೆಂದು ಶಾಸಕರನ್ನು ಯಾವ ಬಾಯಿಂದ ಕೇಳುವುದು?

ಶಾಸಕರಿಗೆ ಇನ್ನೊಂದು ತೊಡಕೂ ಇದೆ. 1985ರ ಪಕ್ಷಾಂತರ ನಿಷೇಧ ಕಾನೂನಿನಂತೆ ಪಕ್ಷದ ವಿಪ್ ಮೀರಿ ಮತ ಹಾಕಿದವನು ಸದಸ್ಯತ್ವವನ್ನೇ ಕಳೆದುಕೊಳ್ಳಬಹುದು. ಅಲ್ಲಿ ಜನಾಭಿಪ್ರಾಯವೂ ಇಲ್ಲ, ಸ್ವಂತ ವಿವೇಕವೂ ಇಲ್ಲ. ಆದರೆ ವಿಪ್ ಹೊರಡುವ ಮೊದಲು ಪಕ್ಷದ ಸಭೆಯಲ್ಲಿ ಬಾಯಿಬಿಡುವುದನ್ನು ಆ ಕಾನೂನು ತಡೆಯುವುದಿಲ್ಲ. ಊರಿಗೆ ಬಂದು, ಏಕೆ ಹಾಗೆ ಮತ ಹಾಕಿದೆನೆಂದು ಹೇಳುವುದನ್ನೂ ತಡೆಯುವುದಿಲ್ಲ.